ಮೂರನೇ ಕ್ಲಾಸಿನಲ್ಲಿ ಕದ್ದ ಕುರಿ

ಕುರಿಯ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬವೇ ಆದರೂ ಅದಕ್ಕೆ ಆಧಾರವಿದೆ. ನಮ್ಮದು ತಲೆತಲಾಂತರದಿಂದ ಕುರಿ ಸಾಕಿಕೊಂಡು ಬಂದ ಮನೆ. ಸಾಲದ್ದಕ್ಕೆ ನಾನು ಮೂವತ್ತಮೂರು ವರ್ಷ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದವನು. ನೂರು ಗಜ ದೂರದಿಂದ ಕುರಿಯ ಹಿಂಭಾಗ ನೋಡಿ ಅದರ ತಳಿ, ವಯಸ್ಸು, ಹೊಟ್ಟೆಯಲ್ಲಿ ಹುಳುವಿದೆಯೋ ಇಲ್ಲವೋ ಎಲ್ಲವನ್ನೂ ಹೇಳಬಲ್ಲೆ. ಮಾಗಡಿ, ಕನಕಪುರದ ಸಂತೆಗೆ ಹೋಗುವವರು ಈಗಲೂ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ನಾನು ಹಲ್ಲು ನೋಡಿ "ತಗೋ" ಎಂದರೆ ತಗೊಂಡಂತೆ, "ಬ್ಯಾಡ" ಎಂದರೆ ಬಿಟ್ಟಂತೆ. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಬರಹ ಮುಗಿಯುವ ಹೊತ್ತಿಗೆ ನೀವು ಇದನ್ನು ನಂಬುವುದಿಲ್ಲ!

ಎಲ್ಲ ಶುರುವಾದದ್ದು ಮೊಬೈಲಿನಿಂದ. ಚನ್ನಪಟ್ಟಣದಲ್ಲಿ ಸಿಸ್ಟರ್‌ಗಳು ನಡೆಸುವ ಪ್ರೈಮರಿ ಶಾಲೆಯಲ್ಲಿ ಒಟ್ಟಿಗೆ ಓದಿದ ನಮ್ಮದೊಂದು ವಾಟ್ಸಾಪ್ ಗುಂಪಿದೆ. ಹೆಸರು 'ಹಳೇ ಬೆಂಚು'. ಬೆಳಿಗ್ಗೆ ಗುಲಾಬಿ ಹೂವು, ಮಧ್ಯಾಹ್ನ ಮಂಡಿನೋವಿಗೆ ಮನೆಮದ್ದು, ಇದಕ್ಕಿಂತ ಹೆಚ್ಚಿನ ವಿದ್ಯಮಾನ ಅಲ್ಲಿ ನಡೆಯುವುದಿಲ್ಲ. ಡಿಸೆಂಬರ್ ಮೊದಲ ವಾರ ಫಿಲೋಮಿನಾ ಒಂದು ಸುದ್ದಿ ಹಾಕಿದಳು. ಫಿಲೋಮಿನಾ ನಮ್ಮ ಕ್ಲಾಸಿನವಳು, ನರ್ಸ್ ಆಗಿದ್ದು ನಿವೃತ್ತಳಾಗಿ ಈಗ ರಾಮನಗರದಲ್ಲಿದ್ದಾಳೆ. "ನಮ್ಮ ಶಾಲೆಯ ಹಳೇ ಹೆಂಚಿನ ಕಟ್ಟಡವನ್ನು ರಜೆಯಲ್ಲಿ ಕೆಡವುತ್ತಾರಂತೆ. ಕೊನೇ ಸಲ ಅಲ್ಲಿ ಗೋದಲಿ ಕಟ್ಟಿದ್ದಾರೆ. ಶನಿವಾರ ಎಲ್ಲರೂ ಬನ್ನಿ" ಎಂದಿತ್ತು. ಹದಿನಾಲ್ಕು ಜನ ಹೆಬ್ಬೆರಳೆತ್ತಿ ಒಪ್ಪಿಗೆ ಸೂಚಿಸಿದರು. ಕೊನೆಗೆ ಬಂದವರು ಮೂವರು, ಆ ಮಾತು ಬೇರೆ.

ಗೋದಲಿ ಎಂಬ ಮಾತು ಕಂಡರೆ ಸಾಕು, ಐವತ್ತು ವರ್ಷದಿಂದ ನನ್ನ ಎದೆ ಧಸಕ್ಕೆನ್ನುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಹುಲ್ಲಿನ ಪುಟ್ಟ ಕೊಟ್ಟಿಗೆ ಕಟ್ಟಿ, ಅದರೊಳಗೆ ಬಾಲಯೇಸು, ಅಪ್ಪ ಅಮ್ಮ, ದನ, ಕತ್ತೆ, ಕುರಿ, ಕುರಿ ಕಾಯುವವನು ಎಲ್ಲರ ಮಣ್ಣಿನ ಬೊಂಬೆ ಜೋಡಿಸುತ್ತಾರಲ್ಲ, ಅದೇ ಗೋದಲಿ. ಮೂರನೇ ಕ್ಲಾಸಿನಲ್ಲಿದ್ದಾಗ ನಾನು ದಿನಾ ಅದರ ಮುಂದೆ ಹೋಗಿ ನಿಲ್ಲುತ್ತಿದ್ದೆ. ಬೇರೆ ಮಕ್ಕಳು ಬಾಲಯೇಸುವನ್ನು ನೋಡಿದರೆ ನಾನು ಕುರಿಗಳನ್ನು ನೋಡುತ್ತಿದ್ದೆ. ಮನೆತನದ ಬುದ್ಧಿ! ಕುರಿಗಳೆಲ್ಲ ಬೆಳ್ಳಗೆ, ಸುರುಳಿ ಸುರುಳಿ ಉಣ್ಣೆಯ ಸೀಮೆ ಕುರಿಗಳು. ಕೊನೆಯಲ್ಲಿ ಒಂದು ಮಾತ್ರ ಕಂದು ಬಣ್ಣದ್ದು. ಉಣ್ಣೆಯಿಲ್ಲ. ಕಿವಿ ಜೋಲು ಬಿದ್ದಿದೆ. ಕಾಲು ಮಡಿಸಿ ಮಲಗಿದೆ. ನೋಡಿದ ಕೂಡಲೇ ನನಗೆ ತಿಳಿದುಹೋಯಿತು, ಇದು ನಮ್ಮ ಬನ್ನೂರು ಕುರಿ! ಸೀಮೆ ಕುರಿಗಳ ಮಧ್ಯೆ ನಮ್ಮ ಕಡೆಯದೊಂದು ದಾರಿ ತಪ್ಪಿ ಬಂದು ಒಂಟಿಯಾಗಿ ಕೂತಿದೆಯಲ್ಲ ಎಂದು ಸಂಕಟವಾಯಿತು. ದಾರಿ ತಪ್ಪಿದ ಕುರಿಯನ್ನು ಮನೆಗೆ ಹೊಡೆದುಕೊಂಡು ಬರಬೇಕು ಎಂಬುದು ನಮ್ಮಪ್ಪ ಕಲಿಸಿದ ಮೊದಲ ಪಾಠ. ಹೊಡೆದುಕೊಂಡು ಬಂದೆ. ಚಡ್ಡಿ ಜೇಬಿನಲ್ಲಿ.

ಬಟ್ಟೆ ಒಗೆಯುವಾಗ ಅದು ಅಜ್ಜಿಯ ಕೈಗೆ ಸಿಕ್ಕಿತು.

"ಎಲ್ಲೀದ್ಲಾ ಇದು?"

"ಸ್ಕೂಲಲ್ಲಿ ಪ್ರೈಜು ಕೊಟ್ರು."

ನನಗೂ ಯಾರಾದರೂ ಪ್ರೈಜು ಕೊಡುತ್ತಾರೆ ಎಂದು ನಂಬಿದ ಏಕೈಕ ಜೀವ ನಮ್ಮಜ್ಜಿ. ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಆ ವರ್ಷ ನಮ್ಮ ಹಟ್ಟಿಯ ಕುರಿಗಳೆಲ್ಲ ಅವಳಿ ಮರಿ ಹಾಕಿದವು. ಮುಗಿಯಿತಲ್ಲ! ಅಂದಿನಿಂದ ಅದು ಬೊಂಬೆಯಲ್ಲ, ಕುರಿಯಪ್ಪ. ಸಂಕ್ರಾಂತಿಯ ದಿನ ಕುರಿಗಳನ್ನು ಕಿಚ್ಚು ಹಾಯಿಸುವ ಮುಂಚೆ ಕುರಿಯಪ್ಪನಿಗೆ ಮೊದಲ ಪೂಜೆ. ಅಜ್ಜಿ ಹೋದ ಮೇಲೆ ಅಮ್ಮ, ಅಮ್ಮನ ನಂತರ ನನ್ನ ಹೆಂಡತಿ ಜಯಮ್ಮ ಅದಕ್ಕೆ ಎಣ್ಣೆ, ಅರಿಶಿನ, ಕುಂಕುಮ ಮೆತ್ತುತ್ತಲೇ ಬಂದರು. ಐವತ್ತು ವರ್ಷದ ಭಕ್ತಿ ಮೈಮೇಲೆ ಕೂತು ಕುರಿಯಪ್ಪ ಒಂದು ಕೆಂಪು ಉಂಡೆಯಾಗಿದ್ದ. ಮೂತಿ ಯಾವ ಕಡೆ ಎಂದು ಹೇಳುವುದಕ್ಕೆ ಅನುಭವ ಬೇಕಿತ್ತು.

ಇತ್ತ ಶಾಲೆಯಲ್ಲಿ ಏನಾಯಿತು ಗೊತ್ತೆ? ಗೋದಲಿ ಬೊಂಬೆಗಳ ಉಸ್ತುವಾರಿ ಫಿಲೋಮಿನಾಳದು. ನಮ್ಮ ಸಿಸ್ಟರ್ ಬೆನೆಡಿಕ್ಟಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಬೊಂಬೆ ಯಾರು ತೆಗೆದಿರಿ?" ಎಂದರು. ಯಾರೂ ಬಾಯಿ ಬಿಡಲಿಲ್ಲ. ನೋಡಿಕೊಳ್ಳಬೇಕಾದವಳೇ ನೋಡಿಕೊಳ್ಳಲಿಲ್ಲ ಎಂದು ಕ್ರಿಸ್‌ಮಸ್ ನಾಟಕದಲ್ಲಿ ಅವಳಿಗಿದ್ದ ದೇವದೂತನ ಪಾತ್ರವನ್ನು ಕಿತ್ತುಕೊಂಡರು. ಹೆದರಿಕೆಯಿಂದ ನಾನು ಒಂದು ವಾರ ತುಟಿ ಪಿಟಕ್ಕೆನ್ನದೆ ಕೂತಿದ್ದೆನಲ್ಲ, ಸಿಸ್ಟರ್‌ಗೆ ಅದು ನನ್ನ ನಡತೆ ಸುಧಾರಿಸಿದ ಲಕ್ಷಣದಂತೆ ಕಂಡಿತು. ಪಾತ್ರವನ್ನು ನನಗೆ ಕೊಟ್ಟರು! ಕದ್ದವನೇ ದೇವದೂತ! ರಟ್ಟಿನ ರೆಕ್ಕೆ ಕಟ್ಟಿಕೊಂಡು ಬೆಂಚಿನ ಮೇಲೆ ನಿಂತು ಕುರಿ ಕಾಯುವವರಿಗೆ ಹೆದರಬೇಡಿ ಎಂದು ಹೇಳಬೇಕಿತ್ತು. ಹೇಳುವಾಗ ನನ್ನ ಕಾಲೇ ನಡುಗುತ್ತಿತ್ತು. ಮುಂದಿನ ಸಾಲಿನಲ್ಲಿ ಫಿಲೋಮಿನಾ ತಲೆ ಬಗ್ಗಿಸಿ ಕೂತಿದ್ದಳು. ಆ ಬಗ್ಗಿದ ತಲೆ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಕಟ್ಟಡ ಬೀಳುವ ಮುಂಚೆ ಕುರಿಯನ್ನು ಅದರ ಜಾಗದಲ್ಲಿಡಬೇಕು, ಫಿಲೋಮಿನಾಳ ಎದುರು ನಿಂತು ತಪ್ಪೊಪ್ಪಿಕೊಳ್ಳಬೇಕು. ಇದು ನಾನು ಕೈಗೊಂಡ ಚಾರಿತ್ರಿಕ ನಿರ್ಣಯ. ಗುಂಪಿನಲ್ಲಿ ಗಂಭೀರವಾಗಿ, "ನಾನೊಂದು ಸರ್‌ಪ್ರೈಸ್ ತರುತ್ತೇನೆ" ಎಂದು ಬರೆದೂಬಿಟ್ಟೆ. ಉಳಿದದ್ದು ಜಯಮ್ಮನ ಒಪ್ಪಿಗೆ.

"ಜಯಾ, ದೇವರ ಗೂಡಲ್ಲಿ ಆ ಕುರಿ ಐತಲ್ಲ..."

"ಕುರಿಯಪ್ಪ ಅನ್ನಿ. ದೇವ್ರಿಗೆ ಒಸಿ ಮರ್ವಾದೆ ಕೊಡಿ."

"ಅದೇ ಕಣೆ, ಕುರಿಯಪ್ಪ. ಅದು ಪ್ರೈಜಲ್ಲ. ಸಿಸ್ಟರ್ ಸ್ಕೂಲಿಂದ ನಾನೇ ಎತ್ಕೊಂಡ್ ಬಂದಿದ್ದು."

ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. "ಅಂದ್ರೆ, ಕದ್ದಿದ್ದಾ?"

"ಚಿಕ್ಕ ಹುಡ್ಗ. ಬುದ್ಧಿ ಇರ್ನಿಲ್ಲ."

"ಈಗ ಬಂದೈತಾ?"

"ಬಂದೈತೆ. ಅದುಕ್ಕೇ ವಾಪಸ್ ಕೊಟ್ಬುಟ್ಟು ಬತ್ತೀನಿ."

"ಹಂಗಾರೆ ಇನ್ನೂ ಬಂದಿಲ್ಲ!" ಎಂದು ಜಯಮ್ಮ ಹಿಟ್ಟಿನ ಕೈಯನ್ನೇ ಸೊಂಟದ ಮೇಲಿಟ್ಟಳು. "ಹಟ್ಟೀಲಿ ಐದು ಕುರಿ ಗಬ್ಬ ಆಗವೆ. ಈಗ ದೇವ್ರನ್ನ ಆಚೆ ಕಳಿಸ್ತೀರಾ? ಮರಿಗಳಿಗೆ ಏನಾರ ಆದ್ರೆ ನಿಮ್ಮ ಸಿಸ್ಟ್ರು ಬಂದು ನೋಡ್ತಾರಾ? ಬೇಕಾದ್ರೆ ಆ ಯಮ್ಮನ ಕಾಲಿಗೆ ಬಿದ್ದು ಬನ್ನಿ. ಕುರಿಯಪ್ಪ ಮಾತ್ರ ಹೊಸ್ಲು ದಾಟಕೂಡದು."

ಹಟ್ಟಿಯ ಪೂರ್ತಿ ಜವಾಬ್ದಾರಿ ಜಯಮ್ಮನದು. ಹಗಲು ರಾತ್ರಿ ಆ ಕುರಿಗಳಿಗಾಗಿ ಜೀವ ತೇಯುವವಳು ಅವಳು. ಅವಳ ನಂಬಿಕೆಯನ್ನು ಒದೆಯುವ ಹಾಗಿಲ್ಲ, ನನ್ನ ಪಾಪವನ್ನು ಇಟ್ಟುಕೊಳ್ಳುವ ಹಾಗೂ ಇಲ್ಲ. ಆಗ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ನನ್ನ ತಲೆಯಲ್ಲಿ ಉಪಾಯ ಹೊಳೆದಾಗಲೆಲ್ಲ ಮನೆಯಲ್ಲಿ ಏನಾದರೂ ಒಡೆದಿದೆ. ಆದರೂ ಹೊಳೆಯಿತು. ಥೇಟ್ ಕುರಿಯಪ್ಪನಂತಹುದೇ ಇನ್ನೊಂದನ್ನು ಮಾಡಿಸಿ ಗೂಡಿನಲ್ಲಿಡುವುದು, ಅಸಲಿಯನ್ನು ಶಾಲೆಗೆ ತಲುಪಿಸುವುದು!

ಬೊಂಬೆ ಮಾಡಿಸುವುದಕ್ಕೆ ಚನ್ನಪಟ್ಟಣದವರು ಬೇರೆ ಊರಿಗೆ ಹೋಗಬೇಕೆ? ನಮ್ಮ ಕ್ಲಾಸಿನವನೇ ಆದ ಅನ್ವರ್ ಇದ್ದಾನೆ. ಅಪ್ಪನ ಕಾಲದಿಂದ ಅವರದು ಮರದ ಬೊಂಬೆ ಕೆಲಸ. ಜಯಮ್ಮ ಸ್ತ್ರೀಶಕ್ತಿ ಸಂಘದ ಮೀಟಿಂಗಿಗೆ ಹೋದ ಒಂದು ಮಧ್ಯಾಹ್ನ ಕುರಿಯಪ್ಪನನ್ನು ಟವೆಲಿನಲ್ಲಿ ಸುತ್ತಿಕೊಂಡು ಕೆಂಗಲ್‌ನಲ್ಲಿ ಬಸ್ಸು ಹತ್ತಿದೆ. ಹತ್ತುವ ಮುಂಚೆ ಆಂಜನೇಯನ ಗುಡಿಯ ಕಡೆ ತಿರುಗಿ ಕೈ ಮುಗಿದೆ. ಕಂಕುಳಲ್ಲಿ ಕದ್ದ ದೇವರಿದ್ದುದರಿಂದ ಒಂದೇ ಕೈಯಲ್ಲಿ ಮುಗಿಯಬೇಕಾಯಿತು.

ಅನ್ವರ್ ಮರ ಕಡೆಯುವ ಲೇತು ನಿಲ್ಲಿಸಿ, ಕನ್ನಡಕ ಏರಿಸಿ, ಕುರಿಯಪ್ಪನನ್ನು ಅತ್ತ ಇತ್ತ ತಿರುಗಿಸಿ ಬಹಳ ಹೊತ್ತು ನೋಡಿದ.

"ಲೇ ಬೀರ, ಇದು ಕುರಿನಾ?"

"ಯಾಕ್ಲಾ, ಡೌಟಾ?"

"ಅಲ್ಲ ಕಣ್ಲಾ, ಹಿಂದ್ಗಡೆ ಏನೋ ಸುತ್ಕೊಂಡೈತೆ. ಬಾಲ ಇದ್ದಂಗೈತೆ."

"ಅದು ಬಾಲ ಅಲ್ಲ, ಐವತ್ತು ವರ್ಷದ ಎಣ್ಣೆ. ಗಟ್ಟಿ ಆಗೈತೆ. ಲೇ, ಮೂವತ್ಮೂರು ವರ್ಷ ಪಶು ಆಸ್ಪತ್ರೇಲಿ ಇದ್ದೋನು ನಾನು. ನೀನು ನಂಗೆ ಕುರಿ ಹೇಳ್ಕೊಡ್ತೀಯೇನ್ಲಾ?"

"ಅರೆ, ನೀನು ಹೇಳಿದ್ಮೇಲೆ ಕುರಿನೇ ಬುಡು" ಎಂದು ಅನ್ವರ್ ಅಳತೆ ತೆಗೆದುಕೊಂಡ. ಗುಟ್ಟನ್ನೆಲ್ಲ ಅವನಿಗೆ ಹೇಳಲಿಲ್ಲ. ಮನೆ ದೇವರು ಹಳೆಯದಾಯಿತು, ಹೊಸದು ಬೇಕು ಎಂದಷ್ಟೇ ಹೇಳಿದೆ.

ಎರಡು ದಿನ ಬಿಟ್ಟು ಹೋದೆ. ಕುರಿ ತಯಾರಾಗಿತ್ತು. ಕಂದು ಅರಗಿನ ಬಣ್ಣ ಮಿರಿಮಿರಿ ಮಿಂಚುತ್ತಿತ್ತು. ಲೇತಿನಲ್ಲಿ ಹುಟ್ಟಿದ್ದರಿಂದ ಒಸಿ ಗುಂಡಗಿತ್ತು, ಅದನ್ನು ಕ್ಷಮಿಸಬಹುದಿತ್ತು. ಆದರೆ ಅದಕ್ಕೆ ನಾಲ್ಕು ಚಕ್ರ, ಎಳೆಯುವುದಕ್ಕೆ ಒಂದು ದಾರ!

"ಚಕ್ರ ಯಾಕ್ಲಾ? ದೇವ್ರನ್ನ ದಾರ ಕಟ್ಟಿ ಎಳಿಯೋಕಾಯ್ತದಾ?"

ಅನ್ವರ್ ಹಣೆ ಚಚ್ಚಿಕೊಂಡ. "ಅಭ್ಯಾಸ ಯಾರ್! ನಲವತ್ತು ವರ್ಷದಿಂದ ಕೈ ತಾನೇ ಚಕ್ರ ಹಾಕ್ಬುಡ್ತದೆ. ನಾನು ಹಂಗೂ ಅದುಕ್ಕೆ ಬ್ಯಾಡ ಅಂತಿದ್ದೆ."

ಚಕ್ರ ಕಿತ್ತು, ತೂತುಗಳಿಗೆ ಅರಗು ತುಂಬಿಸಿದೆವು. ಮನೆಗೆ ತಂದು ಅದಕ್ಕೆ ವಯಸ್ಸು ಬರಿಸಬೇಕಿತ್ತು. ಎಣ್ಣೆಗೆ ಕುಂಕುಮ ಕಲಸಿ ಮೆತ್ತಿದರೆ ನಯವಾದ ಅರಗಿನ ಮೇಲೆ ನಿಲ್ಲದೆ ಜಾರಿ ಬೀಳುತ್ತಿತ್ತು. ಅಂಟುವ ವಸ್ತು ಬೇಕು. ಅಡುಗೆಮನೆಯಲ್ಲಿ ಹುಡುಕಾಡಿದೆ. ಬೆಲ್ಲ ಸಿಕ್ಕಿತು! ಬೆಲ್ಲದ ಪಾಕ ಮಾಡಿ, ಅರಿಶಿನ ಕುಂಕುಮ ಕಲಸಿ, ದಪ್ಪಗೆ ಬಳಿದೆ. ಹದಿನೈದು ನಿಮಿಷದಲ್ಲಿ ಹೊಸ ಕುರಿಗೆ ಐವತ್ತು ವರ್ಷ ತುಂಬಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಶನಿವಾರ ಬೆಳಿಗ್ಗೆ ಜಯಮ್ಮ ಹಟ್ಟಿಯಲ್ಲಿದ್ದಾಗ ಅದಲು ಬದಲು ಮಾಡಿ, ಅಸಲಿ ಕುರಿಯಪ್ಪನನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ.

ಶಾಲೆಯ ಗೇಟಿನಲ್ಲಿ ಅನ್ವರ್, ಫಿಲೋಮಿನಾ ನಿಂತಿದ್ದರು. ಹೆಬ್ಬೆರಳೆತ್ತಿದ್ದ ಉಳಿದವರ ಸುಳಿವಿಲ್ಲ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಂದು ನಗುತ್ತಾ ಸ್ವಾಗತಿಸಿದರು. ನಮ್ಮ ಮಕ್ಕಳ ವಯಸ್ಸಿನವರು. ಆದರೂ ಅವರ ಎದುರು ನಾವು ಮೂವರೂ ಕೈಕಟ್ಟಿ ನಿಂತುಬಿಟ್ಟೆವು, ಹಳೆಯ ಭಯ.

ಒಳಗೆ ಹೋದ ಮೇಲೆ ಮಾತ್ರ ನಮಗೆ ಎಲ್ಲದರ ಮೇಲೂ ಕುತೂಹಲ. ಗಂಟೆ ಎಂದು ಬಾರಿಸುತ್ತಿದ್ದ ರೈಲು ಕಂಬಿಯ ತುಂಡು ಅದೇ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಅನ್ವರ್ ಅದನ್ನು ಬೆರಳಿನಲ್ಲಿ ಮೆಲ್ಲಗೆ ತಟ್ಟಿ ಕಿವಿಗೊಟ್ಟ. ಮೂರನೇ ಕ್ಲಾಸಿನ ಬೆಂಚಿನಲ್ಲಿ ನಾನು ಕೂತು ನೋಡಿದೆ. ಕೂತದ್ದು ಸುಲಭ, ಏಳುವುದಕ್ಕೆ ಇಬ್ಬರ ಸಹಾಯ ಬೇಕಾಯಿತು. ಹಾಲಿನ ಕೊನೆಯಲ್ಲಿದ್ದ ಹಸಿರು ಬಾಗಿಲನ್ನು ಕಂಡು ಮೂವರೂ ನಿಂತೆವು. ಆ ಬಾಗಿಲು ನಾವು ಓದುವಾಗ ಒಂದು ದಿನವೂ ತೆರೆದಿರಲಿಲ್ಲ. ಒಳಗೆ ದೆವ್ವವಿದೆ ಎಂದು ಅನ್ವರನ ವಾದ, ಸಿಸ್ಟರ್‌ಗಳು ಕೇಕು ಬಚ್ಚಿಟ್ಟಿದ್ದಾರೆ ಎಂದು ನನ್ನ ವಾದ.

"ಸಿಸ್ಟರ್, ಇದ್ರೊಳಗೆ ಏನೈತೆ?" ಎಂದು ಅನ್ವರ್ ಕೇಳಿಯೇಬಿಟ್ಟ. ಅರವತ್ತು ವರ್ಷದವನ ದನಿ ಎಂಟು ವರ್ಷದವನದಾಗಿತ್ತು.

ಸಿಸ್ಟರ್ ಚಿಲಕ ತೆಗೆದರು. ಐವತ್ತು ವರ್ಷದ ರಹಸ್ಯ ಬಯಲಾಯಿತು. ಮುರಿದ ಕುರ್ಚಿಗಳು, ಉಪ್ಪಿನಕಾಯಿ ಜಾಡಿಗಳು, ಮತ್ತು ಗೋದಲಿ ಬೊಂಬೆಗಳನ್ನಿಡುವ ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಬೊಂಬೆಗೊಂದು ಗೂಡು.

"ಸಿಸ್ಟರ್ ಬೆನೆಡಿಕ್ಟಾ ತುಂಬ ಶಿಸ್ತಿನವರಂತೆ" ಎಂದರು ಹೆಡ್‌ಮಿಸ್ಟ್ರೆಸ್. "ಒಂದೊಂದು ಬೊಂಬೆಯ ಅಡಿಯಲ್ಲೂ ಅದರ ಹೆಸರನ್ನು ಮೊಳೆಯಲ್ಲಿ ಕೊರೆದಿದ್ದಾರೆ. ಈ ಒಂದು ಗೂಡು ಮಾತ್ರ ನಾನು ಬಂದಾಗಿನಿಂದಲೂ ಖಾಲಿ. ಇದರಲ್ಲಿ ಏನಿತ್ತೋ!"

ಫಿಲೋಮಿನಾ ಖಾಲಿ ಗೂಡಿನ ಅಂಚನ್ನು ಬೆರಳಿನಿಂದ ಸವರಿದಳು. "ನನ್ನ ರೆಕ್ಕೆ ಹೋಗಿದ್ದು ಇದರಿಂದಲೇ" ಎಂದಷ್ಟೇ ಹೇಳಿ ಹೊರಗೆ ನಡೆದಳು. ಈಗ ಹೇಳು, ಈಗ ಹೇಳು ಎಂದು ಮನಸ್ಸು ಹೇಳಿತು. ಬಾಯಿ, "ಟೀ ಸಿಕ್ತದಾ ಸಿಸ್ಟರ್?" ಎಂದಿತು.

ಅವರೆಲ್ಲ ಟೀಗೆ ಹೋದಾಗ ನನ್ನ ಚಾರಿತ್ರಿಕ ನಿರ್ಣಯಕ್ಕೆ ನಾನೇ ಒಂದು ತಿದ್ದುಪಡಿ ತಂದೆ. ತಪ್ಪೊಪ್ಪಿಗೆ ಯಾಕೆ? ಸದ್ದಿಲ್ಲದೆ ಕುರಿಯನ್ನು ಗೋದಲಿಯಲ್ಲಿಟ್ಟರಾಯಿತು. ಪವಾಡ ಎಂದುಕೊಳ್ಳುತ್ತಾರೆ! ಮೆಲ್ಲಗೆ ಹಾಲಿಗೆ ಹೋದೆ. ಗೋದಲಿ ಚೆನ್ನಾಗಿ ಕಟ್ಟಿದ್ದರು. ಬಿಳಿ ಕುರಿಗಳು ಹಿಂದಿನ ಸಾಲಿನಲ್ಲಿದ್ದವು. ಅಲ್ಲಿಗೆ ಕೈ ಎಟುಕಲಿಲ್ಲ. ಮಂಡಿಯೂರಿ, ತಲೆ ಭುಜ ಎಲ್ಲವನ್ನೂ ಕೊಟ್ಟಿಗೆಯೊಳಕ್ಕೆ ತೂರಿಸಿದೆ. ಸೀರಿಯಲ್ ಸೆಟ್ಟಿನ ವೈರು ಶರ್ಟಿನ ಕಾಲರಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೋದೆ, ಹುಲ್ಲಿನ ಚಾವಣಿ ತಲೆಯ ಮೇಲೆ ಕೂತಿತು. ಒಂದು ಕೈಯಲ್ಲಿ ಕುರಿಯಪ್ಪ, ಇನ್ನೊಂದು ಕೈಯಲ್ಲಿ ಬೀಳುತ್ತಿದ್ದ ಕತ್ತೆ! ನಾಟಕದ ರಿಹರ್ಸಲ್‌ಗೆಂದು ಮಕ್ಕಳು ಒಳಗೆ ಬಂದದ್ದು ಅದೇ ಹೊತ್ತಿಗೆ.

"ಸಿಸ್ಟರ್! ಯಾರೋ ತಾತ ಗೋದಲಿ ಬೊಂಬೆ ಕದೀತಾವ್ರೆ!" ಎಂದು ಎರಡು ಜಡೆಯ ಹುಡುಗಿಯೊಬ್ಬಳು ಕಿರುಚಿದಳು.

ಐವತ್ತು ವರ್ಷದ ಹಿಂದೆ ಕದಿಯುವಾಗ ಯಾರೂ ಹಿಡಿಯಲಿಲ್ಲ. ವಾಪಸ್ ಇಡುವಾಗ ಸಿಕ್ಕಿಬಿದ್ದೆ!

ಎಲ್ಲರೂ ಓಡಿ ಬಂದರು. ಅನ್ವರ್ ನನ್ನ ತಲೆಯ ಮೇಲಿಂದ ಚಾವಣಿ ತೆಗೆದ. ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮಂಡಿಯೂರಿಯೇ ಇದ್ದೆ, ಎದ್ದೇಳುವುದಕ್ಕೆ ಆಗದೆ. ಹಾಗೆಯೇ ಫಿಲೋಮಿನಾಳ ಕಡೆ ಕೈ ಚಾಚಿದೆ.

"ಫಿಲೋಮಿನಾ, ಅವತ್ತು ಬೊಂಬೆ ತಗಂಡಿದ್ದು ನಾನು ಕಣಮ್ಮ. ನಿನ್ನ ಪಾತ್ರ ಹೋಯ್ತು, ಅದ್ನೂ ನಾನೇ ತಗಂಡೆ. ಇಷ್ಟು ವರ್ಷ ಹೇಳೋಕೆ ಧೈರ್ಯ ಬರ್ನಿಲ್ಲ. ತಪ್ಪಾಯ್ತು."

ಅವಳು ನನ್ನ ಕೈಯಲ್ಲಿದ್ದ ಕೆಂಪು ಉಂಡೆಯನ್ನು ನೋಡಿದಳು. "ಅಮ್ಮ ಬಿಳಿ ಫ್ರಾಕ್ ಹೊಲಿದಿದ್ದರು ಕಣೋ ಬೀರ" ಎಂದಳು ಆಮೇಲೆ. "ರಾತ್ರಿಯೆಲ್ಲ ಕೂತು ಹೊಲಿದಿದ್ದು. ಹಾಕ್ಕೊಳ್ಳಲೇ ಇಲ್ಲ. ಎರಡು ದಿನ ಊಟ ಮಾಡಿರಲಿಲ್ಲ ನಾನು." ಅನ್ವರನ ಕಡೆ ತಿರುಗಿದಳು. "ನಾನು ನೀನೇ ಅಂದ್ಕೊಂಡಿದ್ದೆ. ಬೊಂಬೆ ಮಾಡೋರ ಮಗ, ನೋಡೋಕೆ ತಗೊಂಡು ಹೋಗಿರ್ತಾನೆ ಅಂತ."

"ನಾನಾ?" ಅನ್ವರ್ ಬಾಯಿ ತೆರೆದ. "ಅದುಕ್ಕೇನಾ ಏಳ್ನೇ ಕ್ಲಾಸ್ ಗಂಟ ನಂಗೊಂದು ಬೋರೆಹಣ್ಣೂ ಕೊಡ್ನಿಲ್ಲ ನೀನು! ಎಲ್ರಿಗೂ ಹಂಚೋಳು, ನನ್ನ ಹತ್ರ ಬಂದ್ರೆ ಮುಷ್ಟಿ ಮುಚ್ಕಳೋಳು. ನಾನೇನು ಮಾಡ್ದೆ ಅಂತ ಎಷ್ಟು ಯೋಚ್ನೆ ಮಾಡಿದ್ದೆ ಗೊತ್ತಾ?"

ನಾನು ಒಬ್ಬಳಿಗೆ ಮಾಡಿದ ಅನ್ಯಾಯ ಎಂದುಕೊಂಡಿದ್ದೆ, ಇಬ್ಬರಿಗೆ ಮಾಡಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆಗ ಬಾಗಿಲಿನಿಂದ ಒಂದು ದನಿ ಕೇಳಿತು.

"ಅಲ್ಲೇ ಇಡ್ಕಳಿ! ಯಾರ ಕೈಗೂ ಕೊಡಬ್ಯಾಡಿ!"

ಜಯಮ್ಮ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು. ಬಂದವಳೇ ಮುಚ್ಚಳ ತೆಗೆದು ಎಲ್ಲರಿಗೂ ತೋರಿಸಿದಳು. ಒಳಗೆ ನನ್ನ ನಕಲಿ ಕುರಿ. ಒರೆಸಿದ ಮೇಲೂ ಅದಕ್ಕೆ ಅಂಟಿಕೊಂಡ ಒಂದು ಸಾವಿರ ಇರುವೆ.

"ದೇವ್ರ ಗೂಡಿನ ಗಂಟ ಇರುವೆ ಸಾಲು! ಏನಪ್ಪಾ ಅಂತ ಬಿಸಿನೀರಲ್ಲಿ ಒರೆಸ್ದೆ. ಕುಂಕುಮ ಎಲ್ಲ ಬಿಟ್ಕೊಂಡು ಪಾನಕ ಆಯ್ತು. ಮಣ್ಣಿನ ದೇವ್ರು ಮರ ಆಗವ್ನೆ, ಕಾಲಲ್ಲಿ ಅರಗು ಮೆತ್ತಿದ ನಾಕು ತೂತು! ಆಟೋ ಹಿಡ್ಕಂಡು ಬಂದೆ. ರೀ, ಕದ್ದ ದೇವ್ರನ್ನ ಮತ್ತೆ ಕದಿಯೋಕೆ ಎಂಗ್ರೀ ಮನಸ್ಸು ಬಂತು?"

"ಪಾಕ ಹಾಕಿದ್ಯಾ!" ಎಂದು ಅನ್ವರ್ ಸಂಕಟಪಟ್ಟ. "ನನ್ನ ಅರಗಿನ ಪಾಲಿಷ್ ಮೇಲೆ!"

ಫಿಲೋಮಿನಾಳಿಗೆ ಯಾರನ್ನು ಸಮಾಧಾನ ಮಾಡಬೇಕೋ ತಿಳಿಯಲಿಲ್ಲ. ಅಸಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಂಚಿನ ಮೇಲೆ ಕೂತಳು. ಸಿಸ್ಟರ್ ಹತ್ತಿರ ಕೊಬ್ಬರಿ ಎಣ್ಣೆ, ಹತ್ತಿ ಕೇಳಿ ತರಿಸಿದಳು. ನರ್ಸಿನ ಕೈ, ಗಾಯ ತೊಳೆಯುವಷ್ಟು ಮೆತ್ತಗೆ ಒರೆಸತೊಡಗಿತು. ಜಯಮ್ಮನ ಕುಂಕುಮ, ಅಮ್ಮನ ಕುಂಕುಮ, ಅಜ್ಜಿಯ ಕುಂಕುಮ ಎಲ್ಲ ಪೊರೆ ಪೊರೆಯಾಗಿ ಎದ್ದು ಬಂದವು. ನಾವೆಲ್ಲ ಸುತ್ತ ಬಗ್ಗಿ ನೋಡುತ್ತಿದ್ದೆವು, ಮಕ್ಕಳೂ ಸಹಿತ. ಕಂದು ಬಣ್ಣ ಕಂಡಿತು. ಜೋಲು ಕಿವಿ ಕಂಡಿತು. "ನೋಡಿ, ಬನ್ನೂರು ತಳಿ!" ಎಂದು ನಾನು ಅಂಥ ಹೊತ್ತಿನಲ್ಲೂ ವಿವರಿಸಿದೆ. ಆಮೇಲೆ ಮೂತಿ ಕಂಡಿತು. ಅದು ಯಾಕೋ ಉದ್ದಕ್ಕಿತ್ತು. ಆಮೇಲೆ ಹಿಂಭಾಗದಲ್ಲಿ ಐವತ್ತು ವರ್ಷದ ಎಣ್ಣೆ ಎಂದು ನಾನು ಪ್ರಮಾಣೀಕರಿಸಿದ್ದ ಆ ಗಂಟು ಕರಗಲಿಲ್ಲ. ಅದು ಸುರುಳಿ ಸುತ್ತಿಕೊಂಡ ಬಾಲ!

ಫಿಲೋಮಿನಾ ಬೊಂಬೆಯನ್ನು ಮಗುಚಿದಳು. ಅಡಿಯಲ್ಲಿ ಸಿಸ್ಟರ್ ಬೆನೆಡಿಕ್ಟಾ ಮೊಳೆಯಲ್ಲಿ ಕೊರೆದ ದುಂಡು ಅಕ್ಷರ ಇನ್ನೂ ಹಾಗೇ ಇತ್ತು. ಎರಡು ಜಡೆಯ ಹುಡುಗಿ ಗಟ್ಟಿಯಾಗಿ ಓದಿದಳು.

"ನಾಯಿ."

"ನಾನು ಅವತ್ತೇ ಕೇಳ್ದೆ!" ಎಂದ ಅನ್ವರ್.

"ಹೌದು ಕಣೋ, ನಾಯಿಯೇ. ಕುರಿ ಕಾಯೋನ ಕಾಲ ಹತ್ತಿರ ಮಲಗಿರ್ತಿತ್ತು" ಎಂದಳು ಫಿಲೋಮಿನಾ. "ನೀನು ಏನಂದ್ಕೊಂಡಿದ್ದೆ?"

ಜಯಮ್ಮ ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ನಾಯಿಯನ್ನು ನೋಡಿದಳು.

"ಮೂವತ್ಮೂರು ವರ್ಷ ಸರ್ಕಾರದೋರು ನಿಮ್ಗೆ ಯಾತಕ್ರೀ ಸಂಬ್ಳ ಕೊಟ್ರು?"

ಮೊದಲು ನಕ್ಕವಳು ಫಿಲೋಮಿನಾ. ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅನ್ವರ್ ಬೆಂಚು ಹಿಡಿದುಕೊಂಡ. ಸಿಸ್ಟರ್ ಗಂಭೀರವಾಗಿರಲು ಪ್ರಯತ್ನಿಸಿ ಸೋತರು. ನನಗೂ ನಗು ಬಂತು, ಜೊತೆಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಐವತ್ತು ವರ್ಷದ ಸಿಟ್ಟು ಆ ನಗುವಿನಲ್ಲಿ ಹೋಯಿತೆಂದು ಫಿಲೋಮಿನಾ ಹೇಳಲಿಲ್ಲ. ಆದರೆ ನನ್ನ ತೋಳು ಹಿಡಿದು ಮೇಲೆಬ್ಬಿಸಿದವಳು ಅವಳೇ.

ರಿಹರ್ಸಲ್‌ಗೆಂದು ತಂದಿಟ್ಟಿದ್ದ ರಟ್ಟಿನ ರೆಕ್ಕೆಗಳು ಬೆಂಚಿನ ಮೇಲಿದ್ದವು. ಅವನ್ನು ಕಟ್ಟಿಕೊಳ್ಳಬೇಕಾಗಿದ್ದವಳು ಆ ಎರಡು ಜಡೆಯ ಹುಡುಗಿ. ದೊಡ್ಡವರ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ, ರೆಕ್ಕೆಯನ್ನು ಫಿಲೋಮಿನಾಳ ಮುಂದೆ ಹಿಡಿದು, "ಒಂದ್ಸಲ ಹಾಕ್ಕೊಳ್ತೀರಾ ಅಜ್ಜಿ? ಆಮೇಲೆ ವಾಪಸ್ ಕೊಡ್ಬೇಕು" ಎಂದಳು. ವಾಪಸ್ ಎನ್ನುವಾಗ ನನ್ನ ಕಡೆ ನೋಡಿದಳು. ಫಿಲೋಮಿನಾ ಬೇಡ ಬೇಡ ಎನ್ನುತ್ತಲೇ ಬೆನ್ನು ತಿರುಗಿಸಿದಳು. ಜಯಮ್ಮ ದಾರ ಕಟ್ಟಿದಳು. ಅನ್ವರ್ ಕೈ ಹಿಡಿದು ಬೆಂಚು ಹತ್ತಿಸಿದ. ನಾನು ಕೆಳಗೆ ಕುರಿ ಕಾಯುವವನಾಗಿ ನಿಂತೆ. ಹೆದರಬೇಡ ಎಂದು ಅವಳು ನನಗೆ ಹೇಳಿದಾಗ ದನಿ ಒಂದಿಷ್ಟೂ ನಡುಗಲಿಲ್ಲ. ಐವತ್ತು ವರ್ಷ ಮಾತು ನೆನಪಿಟ್ಟುಕೊಂಡಿದ್ದಳು.

ನಾಯಿಯ ವಿಷಯವನ್ನು ತೀರ್ಮಾನಿಸಿದವಳು ಜಯಮ್ಮ. "ಇಷ್ಟು ವರ್ಷ ಬೆಟ್ಟದ ಸಾಲಲ್ಲಿ ಎಲ್ಲಾರ ಹಟ್ಟಿಗೂ ಚಿರತೆ ಬಂತು, ನಮ್ಮದುಕ್ಕೆ ಬರ್ನಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತು. ನಮ್ಮನ್ನ ಕಾಯ್ದಿದ್ದು ಸಾಕು, ಇಲ್ಲಿ ಇದ್ರ ಕುರಿಗಳು ಒಂಟಿಯಾಗವೆ" ಎಂದು ತಾನೇ ಅದನ್ನು ಕುರಿ ಕಾಯುವವನ ಕಾಲ ಬಳಿ ಮಲಗಿಸಿದಳು. ಸಂಕ್ರಾಂತಿಗೆ ಮುಂಚೆ ವರ್ಷಕ್ಕೊಂದು ಸಲ ಬಂದು ನೋಡುತ್ತೇನೆ ಎಂದು ಸಿಸ್ಟರ್ ಹತ್ತಿರ ಮಾತು ತೆಗೆದುಕೊಂಡಳು. ಹಣೆಯ ಮೇಲೆ ಒಂದು ಚುಕ್ಕೆ ಕುಂಕುಮ ಉಳಿದಿತ್ತು. ಫಿಲೋಮಿನಾ ಅದನ್ನು ಒರೆಸಲಿಲ್ಲ.

ಅನ್ವರನ ಮರದ ಕುರಿ ಈಗ ನಮ್ಮ ದೇವರ ಗೂಡಿನಲ್ಲಿದೆ. ನಾಯಿಯನ್ನು ನೋಡಿ ಮಾಡಿದ ಕುರಿ. ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಜಯಮ್ಮನಿಗಿಂತ ನನಗೇ ಹೆಚ್ಚು ಆತಂಕವಿತ್ತು. ಸಂಕ್ರಾಂತಿಗೆ ಎರಡು ದಿನ ಇರುವಾಗ ಮೊದಲ ಕುರಿ ಈಯಿತು. ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಾ ಕೂತಿದ್ದಾಗ ಹಟ್ಟಿಯಿಂದ ಜಯಮ್ಮನ ಕೂಗು ಕೇಳಿತು.

"ರೀ, ಅವಳಿ! ಎರಡೂ ಗಟ್ಟಿಮುಟ್ಟಾಗವೆ!"

ಲೋಟ ಇಟ್ಟು ಎದ್ದೆ. ನನ್ನ ಅನುಭವ ಬೇಕಾಗುವ ಹೊತ್ತು! ಮಗ್ಗುಲ ಮನೆಯವರೆಲ್ಲ ಅಷ್ಟರಲ್ಲಿ ಬೇಲಿಯ ಹತ್ತಿರ ಸೇರಿದ್ದರು. ಮರಿಗಳ ಹತ್ತಿರ ಬಗ್ಗಿ ಕನ್ನಡಕ ಸರಿಮಾಡಿಕೊಂಡೆ. ಒಂದು ಮರಿ ಬಿಳಿ, ಇನ್ನೊಂದು ಕಂದು, ಕಿವಿ ಜೋಲು ಬಿದ್ದಿತ್ತು. ಜಯಮ್ಮ ಕಂದು ಮರಿಯನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಿಧಾನಕ್ಕೆ ನೋಡಿ ಹೇಳಿ. ಏನಿದು?"